ಚಿಕ್ಕಮ್ಮನ ಕ್ಯಾರಿಯರ್ ಮೇಲೊಂದು ಹುಣಸೆ ಮೂಟೆ

ನಮ್ಮ ಚಿಕ್ಕಮ್ಮನಿಗೆ ಸೈಕಲ್ ತುಂಬ ಚೆನ್ನಾಗಿ ಬರುತ್ತದೆ. ಹತ್ತುವುದು, ಇಳಿಯುವುದು, ತಿರುಗಿಸುವುದು, ಬೆಲ್ ಹೊಡೆಯುವುದು, ಇವಿಷ್ಟನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಬರುತ್ತದೆ! ಇನ್ನೇನು ಮಿಕ್ಕಿತು ಅಂತ ಕೇಳಬೇಡಿ. ನೆಟ್ಟಗೆ ಹೋಗುವುದು ಮಿಕ್ಕಿತಲ್ಲ! ಅದೊಂದರಲ್ಲಿ ಅವಳನ್ನು ಮೀರಿಸುವವರು ಹಿಂದೂಪುರದಿಂದ ಪೆನುಕೊಂಡದವರೆಗೆ ಹುಡುಕಿದರೂ ಸಿಗುವುದಿಲ್ಲ.

ಅವಳಿಗೀಗ ಅರವತ್ತನಾಲ್ಕು. ನನ್ನ ತಾಯಿಯ ಒಬ್ಬಳೇ ತಂಗಿ. ಆಳು ಒಂದು ಹಿಡಿ, ಬಾಯಿ ಒಂದು ಪಲ್ಲ. ಕಲ್ಯಾಣದುರ್ಗದಲ್ಲಿ ಹುಟ್ಟಿ, ಹಿಂದೂಪುರದ ಹುಣಸೆಹಣ್ಣಿನ ವ್ಯಾಪಾರಿಯನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಇಪ್ಪತ್ತೈದು ವರ್ಷದ ಹಿಂದೆ ನಾನೂ ಅದೇ ದಾರಿ ಹಿಡಿದು ಕಲ್ಯಾಣದುರ್ಗದಿಂದ ಇದೇ ಊರಿಗೆ ಸೊಸೆಯಾಗಿ ಬಂದೆ. ಬಜಾರಿನಲ್ಲಿ ಒಂದು ಮ್ಯಾಚಿಂಗ್ ಸೆಂಟರ್ ಇಟ್ಟುಕೊಂಡು ಬ್ಲೌಸ್ ಪೀಸು ಹರಿದುಕೊಂಡು ಇದ್ದೇನೆ. "ಇರೋ ಊರಲ್ಲೇ ಚಿಕ್ಕಮ್ಮ ಇದ್ದಾರಲ್ಲ, ಪುಣ್ಯವಂತೆ ನೀನು" ಅಂತ ಗಿರಾಕಿಗಳು ಹೇಳುತ್ತಾರೆ. ಹೇಳುವವರು ಒಂದು ವಾರ ಬಂದು ಅವಳ ಸೈಕಲ್ ಸೀಟು ಹಿಡಿದುಕೊಂಡು ಓಡಲಿ. ಪುಣ್ಯದ ವಿಷಯ ಆಮೇಲೆ ಮಾತಾಡೋಣ.

ಇದೆಲ್ಲ ಶುರುವಾದದ್ದು ಶಿವರಾತ್ರಿಯ ಮಾರನೇ ದಿನ. ಜಾಗರಣೆ ಮಾಡಿದ ಕೆಂಪು ಕಣ್ಣಿನಲ್ಲೇ ನನ್ನ ಅಂಗಡಿಗೆ ಬಂದು ಕೂತಳು.

"ಲೇ, ನಿನ್ನ ಮಗಳು ಹಾಸ್ಟೆಲ್ಲಿಗೆ ಹೋದ್ಮೇಲೆ ಅವಳ ಸೈಕಲ್ಲು ಸುಮ್ನೆ ತುಕ್ಕು ಹಿಡೀತಾ ಐತಲ್ಲ, ಕೊಡೇ ಇಲ್ಲಿ."

"ಯಾರಿಗೆ ಚಿಕ್ಕಮ್ಮಾ?"

"ನಂಗೆ ಕಣೇ. ಮತ್ಯಾರಿಗೆ, ನಿಮ್ಮ ಚಿಕ್ಕಪ್ಪಂಗಾ?"

ನನ್ನ ಕತ್ತರಿ ಅಲ್ಲೇ ನಿಂತಿತು. ಅವಳು ಹುಟ್ಟಿದಾರಭ್ಯ ಸೈಕಲ್ ಮುಟ್ಟಿದವಳಲ್ಲ. "ನಿಂಗ್ಯಾಕೆ ಈಗ ಸೈಕಲ್ಲು?" ಅಂದೆ.

"ಕಾರ್ತೀಕದ ಕಡೇ ಸೋಮವಾರಕ್ಕೆ ನಿಮ್ಮಮ್ಮ ಬತ್ತಾಳಲ್ಲ. ಅವಳನ್ನ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ರೈಲ್ ರೋಡಲ್ಲಿ ಈ ತುದಿಯಿಂದ ಆ ತುದಿಗೆ ಹೋಯ್ತೀನಿ."

ನಾನು ನಕ್ಕ ರಭಸಕ್ಕೆ ಬ್ಲೌಸ್ ಪೀಸು ಸೊಟ್ಟಗೆ ಹರಿಯಿತು. ಅವಳು ನಗಲಿಲ್ಲ. "ಈ ಸಲ ತಪ್ಪಿದ್ರೆ ಆಗಲ್ಲ ಕಣೇ. ಬಸ್ಸಲ್ಲಿ ಕೂತು ಸೊಂಟ ಹೋಗ್ತದೆ, ಇದೊಂದು ಸಲ ಬಂದ್ರೆ ಮತ್ತೆ ಬರಲ್ಲ, ಇನ್ಮೇಲೆ ನೀನೇ ಬಾ ಅಂತ ಫೋನಲ್ಲಿ ಹೇಳ್ಬುಟ್ಲು ಅಕ್ಕ" ಅಂದಳು. ಅವಳು ನಗದೇ ಇದ್ದದ್ದನ್ನು ನಾನು ನನ್ನ ಐವತ್ತು ವರ್ಷದಲ್ಲಿ ನೋಡಿರಲಿಲ್ಲ. ಆದ್ದರಿಂದ ಸೈಕಲ್ ಕೊಟ್ಟೆ.

ನಮ್ಮಮ್ಮನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಅವಳಿಗೆ ಅರವತ್ತೊಂಬತ್ತು. ಕಲ್ಯಾಣದುರ್ಗದಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಅಲ್ಲಿ ಅವಳ ಹುಬ್ಬು ಮೇಲಕ್ಕೆ ಹೋದರೆ ಸಾಕು, ಮಿಕ್ಸಿ ತಾನಾಗೇ ನಿಲ್ಲುತ್ತದೆ! ತಂಗಿ ಆಡಿದ ಮಾತನ್ನೆಲ್ಲ ಸೇರಿಸಿ ಗಂಟು ಕಟ್ಟಿದರೆ ಅಕ್ಕನ ಪಾಲಿಗೆ ಅದರ ದಾರ ಮಾತ್ರ ಬರುತ್ತದೆ. ಅಂಥ ಅಮ್ಮ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರುವುದೆಂದರೆ ಪೆನುಕೊಂಡದ ಕೋಟೆ ಆಟೋದಲ್ಲಿ ಕೂತು ಬಂದ ಹಾಗೆ. ಆದರೆ ಇದನ್ನು ಚಿಕ್ಕಮ್ಮನಿಗೆ ಹೇಳುವವರು ಯಾರು?

ರೈಲ್ ರೋಡು ಅಂದೆನಲ್ಲ, ಅದು ನಮ್ಮೂರ ಹೊರಗಿನ ಹಳೇ ಮೀಟರ್ ಗೇಜ್ ದಾರಿಯ ಒಂದು ತುಂಡು. ರೈಲು ದಾರಿಯನ್ನು ದೊಡ್ಡದು ಮಾಡಿ ನೆಟ್ಟಗೆ ಎಳೆದಾಗ ಈ ನಾಲ್ಕು ಕಿಲೋಮೀಟರ್ ಪಕ್ಕಕ್ಕೆ ಉಳಿದುಕೊಂಡಿತು. ಹಳಿ ಕಿತ್ತರು, ಜಾಲಿ ಬೆಳೆಯಿತು, ಮೇಕೆಗಳು ತಮ್ಮದೇ ಅಂದುಕೊಂಡವು. ಕೆಲವು ವರ್ಷದ ಹಿಂದೆ ಯಾರಿಗೋ ಒಳ್ಳೆ ಬುದ್ಧಿ ಬಂದು ಅದಕ್ಕೆ ನುಣ್ಣಗೆ ಟಾರು ಹಾಕಿಸಿದರು, ಬೆಂಚು ಇಡಿಸಿದರು. ಈಗ ಅದರಷ್ಟು ಚಂದದ ಜಾಗ ನಮ್ಮ ಕಡೆ ಇನ್ನೊಂದಿಲ್ಲ. ಎರಡೂ ಕಡೆ ಹುಣಸೆ ಮರ, ಒಂದು ಪಕ್ಕ ಕೆರೆ, ಇನ್ನೊಂದು ಪಕ್ಕ ಒಂದರ ಮೇಲೊಂದು ಕೂತ ಬಂಡೆಗಳು, ನಡುವೆ ಹಳ್ಳದ ಮೇಲೊಂದು ಕಲ್ಲಿನ ಕಮಾನು ಸೇತುವೆ. ಈ ತುದಿಯಲ್ಲಿ ಹಳೇ ರೈಲ್ವೆ ಗೇಟಿನ ಕಲ್ಲು ಕಟ್ಟೆ. ಆ ತುದಿಯಲ್ಲಿ ಅಕ್ಷರ ಅಳಿಸಿ ಹೋದ ಹಳದಿ ಬೋರ್ಡಿನ ಪುಟ್ಟ ಪ್ಲಾಟ್‌ಫಾರಂ. ಹೋಗುವಾಗ ಕಂಡೂ ಕಾಣದ ಹಾಗೆ ಏರು, ಬರುವಾಗ ಇಳಿಜಾರು. ಬೆಳಗಿನ ಹೊತ್ತು ಕೆರೆ ಕಡೆಯ ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೆ ನನ್ನಂಥ ಸಿಡುಕಿಗೂ ಹಾಡಿಕೊಳ್ಳಬೇಕು ಅನ್ನಿಸುತ್ತದೆ. ಹಾಡುತ್ತಿದ್ದೆ ಕೂಡ, ಸೀಟು ಹಿಡಿದು ಓಡುವ ಕೆಲಸ ಇಲ್ಲದೇ ಇದ್ದಿದ್ದರೆ.

ಮೊದಲ ದಿನ ಸೈಕಲ್ಲಿಗೆ ಪೂಜೆ. ಮಡ್‌ಗಾರ್ಡಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು, ಬೆಲ್ಲಿಗೆ ಒಂದು ಬೊಟ್ಟು ಇಟ್ಟಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ನಿಂಬೆಹಣ್ಣನ್ನು ತುಳಿದುಕೊಂಡು ಹೋಗಬೇಕಾದವರಿಗೆ ಸೈಕಲ್ಲೇ ಬರುವುದಿಲ್ಲವಲ್ಲ! ನಾನು ಹಿಂದಿನಿಂದ ನೂಕಿದೆ. ನಿಂಬೆಹಣ್ಣು ಚಕ್ರದಿಂದ ಜಾರಿ ಚಿಕ್ಕಮ್ಮನ ಚಪ್ಪಲಿ ಕೆಳಗೆ ಹೋಯಿತು. ಸೈಕಲ್ ಹತ್ತುವ ಮೊದಲೇ ಸೈಕಲ್ಲಿಂದ ಬಿದ್ದವಳು ಅಂತ ಪ್ರಪಂಚದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಮ್ಮನೇ. ಎದ್ದು ಮಣ್ಣು ಕೊಡವಿಕೊಂಡು, "ದೃಷ್ಟಿ ಹೋಯ್ತು ಬಿಡು" ಅಂದಳು.

ಸೀರೆಯದು ಇನ್ನೊಂದು ಕಥೆ. ಚೂಡಿದಾರ ಹಾಕಿಕೋ ಅಂದರೆ, "ನಿಮ್ಮ ಚಿಕ್ಕಪ್ಪ ಗುರ್ತು ಹಿಡೀದೆ ಬಾಗ್ಲು ಹಾಕ್ಕೊಂಬುಡ್ತಾರೆ" ಅಂದಳು. ನೆರಿಗೆ ಚೈನಿಗೆ ಸಿಗಬಾರದಲ್ಲ, ಅದಕ್ಕೆ ಚಿಕ್ಕಪ್ಪನ ಮಂಡಿಯಿಂದ ಮೂಟೆ ಹೊಲಿಯುವ ದಬ್ಬಳ ಮತ್ತು ಗೋಣಿ ದಾರ ತಂದು, ಕಾಲಿನ ಹತ್ತಿರ ನೆರಿಗೆಗಳನ್ನು ಎರಡು ಪಾಲು ಮಾಡಿ ಹೊಲಿದುಕೊಂಡಳು. ಹೊಲಿಗೆ ಗಟ್ಟಿ, ಒಪ್ಪಿದೆ. ಆದರೆ ಮನೆಗೆ ಬಂದ ಮೇಲೆ ಬಿಚ್ಚಲು ಬರಲಿಲ್ಲ. ಆವತ್ತು ಮಧ್ಯಾಹ್ನ ಊಟಕ್ಕೆ ಬಂದ ಬೀಗರೆದುರು ಅವಳು ಬಾತುಕೋಳಿಯ ಹಾಗೆ ಓಡಾಡಿ ಬಡಿಸಿದಳು. ಬೀಗರು ಮರ್ಯಾದಸ್ಥರು, ಏನೂ ಕೇಳಲಿಲ್ಲ.

ಎರಡು ತಿಂಗಳಿಗೆ ಬ್ಯಾಲೆನ್ಸು ಬಂತು. ನನ್ನ ಉಸಿರಾಟ ಹೋಯಿತು ಅನ್ನುವುದು ಬೇರೆ ಮಾತು. ಆದರೆ ಕಲಿತದ್ದೆಲ್ಲ ಆ ನೆಟ್ಟನೆಯ ದಾರಿಯಲ್ಲೇ ಆದ್ದರಿಂದ ನೆಟ್ಟಗೆ ಹೋಗುವುದು ಮಾತ್ರ ಬಂತು. ರೈಲು ದಾರಿಯ ಬಾಗು ನಿಧಾನದ ಬಾಗು, ಸೈಕಲ್ಲು ತಾನಾಗೇ ಬಾಗಿಕೊಂಡು ಹೋಗುತ್ತದೆ. ಪೂರ್ತಿ ತಿರುಗಿಸುವುದು ಅಂದರೆ ಅವಳಿಗೆ ಜೀವ ಹೋಗುತ್ತಿತ್ತು. ಪ್ಲಾಟ್‌ಫಾರಂ ಮುಟ್ಟಿದ ಕೂಡಲೇ ಅದರ ಅಂಚಿಗೆ ಕಾಲು ಕೊಟ್ಟು ಇಳಿಯುವುದು, ಸೈಕಲ್ಲಿನ ಹಿಂಭಾಗ ಎತ್ತಿ ಮುಖವನ್ನು ಊರ ಕಡೆಗೆ ತಿರುಗಿಸಿ ಇಡುವುದು, ಮತ್ತೆ ಅಂಚಿನಿಂದ ಹತ್ತುವುದು.

"ಇಷ್ಟು ದೊಡ್ಡ ಜಾಗ ಐತೆ, ಒಂದು ಸುತ್ತು ತಿರುಗಿಸ್ಬಾರ್ದಾ?" ಅಂದೆ ಒಂದು ದಿನ ತಡೆಯಲಾರದೆ.

"ಇದು ರೈಲಿನ ದಾರಿ ಕಣಮ್ಮ. ರೈಲು ಎಲ್ಲಾದ್ರೂ ರೌಂಡ್ ಹೊಡೀತದಾ? ಇಂಜಿನ್ನು ಬಿಚ್ಚಿ ಆ ಕಡೆಗೆ ಹಾಕ್ತಾರೆ. ನಾನೂ ಹಂಗೇ."

ಹೇಳಿ, ಸೈಕಲ್ಲಿನ ಹಿಂಭಾಗ ಎತ್ತಿದಳು.

ಹತ್ತಲು ಕಲ್ಲು ಬೇಕು, ಇಳಿಯಲು ಕಲ್ಲು ಬೇಕು. ಹಾಗಾಗಿ ಅವಳಿಗೆ ಒಟ್ಟು ಮೂರೇ ಸ್ಟಾಪು: ಗೇಟಿನ ಕಟ್ಟೆ, ಸೇತುವೆಯ ಮೋಟು ಗೋಡೆ, ಪ್ಲಾಟ್‌ಫಾರಂ. ನಡುವೆ ಸಾಕ್ಷಾತ್ ಪರಶಿವನೇ ಅಡ್ಡ ಬಂದರೂ ನಿಲ್ಲುವ ಪ್ರಶ್ನೆ ಇಲ್ಲ. ಬೆಲ್ ಹೊಡೆಯಲು ಹೆಬ್ಬೆರಳು ಎತ್ತಿದರೆ ಹ್ಯಾಂಡಲ್ ಅಲುಗುತ್ತದೆ. ಅದಕ್ಕೇ ನೂರು ಮಾರು ದೂರದಿಂದಲೇ "ಜರಗಂಡಿ! ಜರಗಂಡಿ!" ಅಂತ ತೆಲುಗಿನಲ್ಲಿ ಕೂಗು. ನೆಂಟರು ಕಂಡರೆ ಮಾತ್ರ ಕನ್ನಡದಲ್ಲಿ "ಸರ್ಕಳ್ರಪ್ಪೋ!" ಕೂಗಿಗೆ ಹೆದರಿ ಮೇಕೆಗಳೂ ಸರಿಯುತ್ತಿದ್ದವು. ಅವಕ್ಕೆ ಎರಡೂ ಭಾಷೆ ಬರುತ್ತಿತ್ತು.

ಮಾತಿಲ್ಲದೆ ಅವಳಿಗೆ ಬದುಕಿಲ್ಲ, ನಿಲ್ಲಲು ಬರುವುದಿಲ್ಲ. ಹಾಗಾದರೆ ದಾರಿಯಲ್ಲಿ ಸಿಕ್ಕವರ ಜೊತೆ ಮಾತು ಹೇಗೆ? ಕಂತಿನಲ್ಲಿ! ಹೋಗುವಾಗ ಪ್ರಶ್ನೆ, ಬರುವಾಗ ಉತ್ತರ. ದಿನಾ ವಾಕಿಂಗ್ ಬರುವ ಗೋರಂಟ್ಲ ಕಡೆಯ ಒಬ್ಬ ಹೆಂಗಸು ಹುಣಸೆಕಾಯಿ ತೊಕ್ಕಿನ ವಿಧಾನ ಕೇಳಿದರು. ಬುಧವಾರ ಹೋಗುತ್ತಾ ಕಾಯಿ ಜಜ್ಜುವುದು ಹೇಗೆ ಅಂತ ಹೇಳಿದಳು, ಬರುತ್ತಾ ಮೆಣಸಿನಕಾಯಿ, ಮೆಂತ್ಯ, ಅರಿಶಿನ ಹೇಳಿದಳು. ಉಪ್ಪಿನ ಲೆಕ್ಕ ಗುರುವಾರಕ್ಕೆ ಉಳಿಯಿತು. ಗುರುವಾರ ಮಳೆ ಬಂತು, ಶುಕ್ರವಾರ ಇವಳಿಗೆ ನೆಗಡಿ. ಮುಂದಿನ ವಾರ ಆ ಹೆಂಗಸು ದೂರದಿಂದಲೇ ಕೂಗಿದರು: "ಅಮ್ಮಾ, ತೊಕ್ಕಿಗೆ ಬೂಸಲು ಬಂದ್ಬುಡ್ತು!" ಇವಳು ಪಕ್ಕದಲ್ಲೇ ಹಾದುಹೋಗುತ್ತಾ, "ಉಪ್ಪು ಹಾಕಿದ್ರಾ?" ಅಂತ ಕೇಳಿದಳು. ಉತ್ತರ ಬರುವ ಹೊತ್ತಿಗೆ ಅವಳು ಸೇತುವೆ ದಾಟಿದ್ದಳು.

ಇನ್ನು ಉಳಿದದ್ದು ಮುಖ್ಯವಾದದ್ದು, ಹಿಂದೆ ಆಳು ಕೂರಿಸಿಕೊಳ್ಳುವುದು. "ನೀನು ಕೂತ್ಕೊಳೇ" ಅಂದಳು ನನಗೆ. ಅಂಗಡಿಯಲ್ಲಿ ಕೂತು ಕೂತು ಬೆಳೆದ ನನ್ನ ದೇಹವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ತಾನೇ ಮಾತು ಹಿಂದಕ್ಕೆ ತೆಗೆದುಕೊಂಡಳು. ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ನಿನ್ನ ತೂಕ ಎಷ್ಟೇ?"

"ಏನಕ್ಕೆ, ಮಾರಕ್ಕಾ?" ಅಂದು ಅಮ್ಮ ಫೋನ್ ಇಟ್ಟಳು.

ಆಗ ಚಿಕ್ಕಪ್ಪ ಮುಂದೆ ಬಂದರು. ಮನೆಯಲ್ಲಿ ಚಿಕ್ಕಪ್ಪ ಮಾತಾಡುವುದು ಕಡಿಮೆ, ಸಂದಿ ಸಿಗಬೇಕಲ್ಲ! ಆದರೆ ತೂಕದ ವಿಷಯ ಬಂದರೆ ಅವರು ಬೇರೆಯೇ ಮನುಷ್ಯ. ನಲವತ್ತು ವರ್ಷ ಮಂಡಿಯಲ್ಲಿ ಕೂತು, ಗಾಡಿ ಮೇಲಿನ ಮೂಟೆಯನ್ನು ಕಣ್ಣಲ್ಲೇ ತೂಗುವವರು. ನನ್ನ ಮಗಳ ಆರತಿಯ ಫೋಟೋದಲ್ಲಿ ನಿಂತಿದ್ದ ಅಮ್ಮನನ್ನು ಕನ್ನಡಕ ಏರಿಸಿ ಒಂದು ನಿಮಿಷ ನೋಡಿದರು.

"ನಲವತ್ತೆಂಟು ಕೆ.ಜಿ. ಗೋಣಿ ಕಳೆದು" ಅಂದರು.

ಅಂದಿನಿಂದ ಅಕ್ಕನ ಬದಲಿಗೆ ಕ್ಯಾರಿಯರ್ ಮೇಲೆ ಹುಣಸೆಹಣ್ಣಿನ ಮೂಟೆ ಕೂತಿತು. ಬೀಜ ಇರುವುದೋ ಬಿಡಿಸಿದ್ದೋ ಅಂತ ಗಂಡ ಹೆಂಡತಿಗೆ ಅರ್ಧ ದಿನ ಚರ್ಚೆ. ಬೀಜ ಬಿಡಿಸಿದ ಹಣ್ಣು ಮೆತ್ತಗೆ ಅಂಟಿಕೊಂಡು ಕೂರುತ್ತದೆ, ಬೀಜದ್ದು ಒಳಗೊಳಗೇ ಜರುಗುತ್ತದೆ. "ಅಕ್ಕ ಸುಮ್ನೆ ಕೂರೋಳಲ್ಲ, ಬೀಜ ಇರೋದೇ ಹಾಕಿ" ಅಂತ ಚಿಕ್ಕಮ್ಮ ತೀರ್ಪು ಕೊಟ್ಟಳು. ಮೊದಲು ಹದಿನೈದು ಕೆ.ಜಿ., ಆಮೇಲೆ ತಿಂಗಳು ತಿಂಗಳು ಜಾಸ್ತಿ. ಬರೀ ಮೂಟೆ ಆದರೆ ಮನಸ್ಸಿಗೆ ಬರುವುದಿಲ್ಲ ಅಂತ ಅಮ್ಮ ಯಾವಾಗಲೋ ಬಿಟ್ಟುಹೋಗಿದ್ದ ಹಸಿರು ಸೀರೆಯನ್ನು ಅದಕ್ಕೆ ಸುತ್ತಿದಳು. ಸುತ್ತಿದ ಮೇಲೆ ಸುಮ್ಮನಿರುತ್ತಾಳಾ? "ಗಟ್ಟಿಯಾಗಿ ಹಿಡ್ಕಳಕ್ಕಾ, ಸೇತುವೆ ಬಂತು" ಅಂತ ಅದರ ಜೊತೆ ಮಾತು ಬೇರೆ.

ವಾಕಿಂಗಿನವರಿಗೆ ಇದು ಗೊತ್ತಿಲ್ಲವಲ್ಲ. "ಹಿಂದೆ ಕೂತಿರೋ ಅಮ್ಮ ಯಾರು ಮೇಡಂ? ನಮಸ್ಕಾರ ಅಂದ್ರೂ ಮಾತಾಡಲ್ಲ, ಜಂಬ ಜಾಸ್ತಿ" ಅಂತ ರೊದ್ದಂನ ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರು ನನ್ನ ಹತ್ತಿರ ದೂರಿದರು. ಹೇಳಬೇಕೆಂದುಕೊಂಡೆ. ಆದರೆ ನಗು ಬಂದು ಹೇಳಲಾಗಲಿಲ್ಲ, ಅದೇ ತಪ್ಪಾಯಿತು.

ಒಂದು ಬೆಳಿಗ್ಗೆ ಸೇತುವೆ ದಾಟಿದ ಕೂಡಲೇ ಹಗ್ಗ ಸಡಿಲವಾಗಿ ಮೂಟೆ ಬಿತ್ತು. ಆಗಿನ್ನೂ ಹದಿನೈದು ಕೆ.ಜಿ. ಕಾಲ. ಚಿಕ್ಕಮ್ಮನಿಗೆ ಗೊತ್ತೇ ಆಗಲಿಲ್ಲ. "ಇವತ್ತು ಎಷ್ಟು ಸಲೀಸಾಗಿ ಹೋಗ್ತಾ ಇದ್ದೀನಿ ನೋಡಕ್ಕಾ, ನಂಗೆ ಬಂದ್ಬುಡ್ತು!" ಅಂತ ಹಿಂದೆ ಇಲ್ಲದ ಅಕ್ಕನಿಗೆ ಹೇಳಿಕೊಂಡು ಮುಂದಕ್ಕೆ ಹೋದಳು. ಹೆಡ್‌ಮಾಸ್ಟರು ದೂರದಿಂದ ನೋಡಿದರು. ಹಸಿರು ಸೀರೆಯ ವಯಸ್ಸಾದ ಹೆಂಗಸು ರಸ್ತೆಯಲ್ಲಿ ಮುಖ ಕೆಳಗೆ ಮಾಡಿ ಬಿದ್ದಿದ್ದಾರೆ, ಸೈಕಲ್ಲಿನವಳು ತಿರುಗಿಯೂ ನೋಡದೆ ಹೋಗುತ್ತಿದ್ದಾಳೆ!

"ಅಮ್ಮಾ! ಮೀ ಅಕ್ಕ ಪಡಿಪೋಯಾರು!" ಅಂತ ಬೊಬ್ಬೆ ಹೊಡೆದರು, ನಿಮ್ಮಕ್ಕ ಬಿದ್ದುಹೋದರು ಅಂತ.

ಚಿಕ್ಕಮ್ಮನಿಗೆ ಕೇಳಿಸಿತು. ಕೇಳಿಸಿ ಏನು ಪ್ರಯೋಜನ? ತಿರುಗಿಸಲು ಬರಬೇಕಲ್ಲ! ಇನ್ನೂ ಎರಡು ಕಿಲೋಮೀಟರ್ ಹೋಗಿ, ಪ್ಲಾಟ್‌ಫಾರಂಗೆ ಕಾಲು ಕೊಟ್ಟು ಇಳಿದು, ಇಂಜಿನ್ನು ಈ ಕಡೆಗೆ ಹಾಕಿಕೊಂಡು, ಮತ್ತೆ ಎರಡು ಕಿಲೋಮೀಟರ್ ಬಂದಳು. ಅಷ್ಟರಲ್ಲಿ ಹೆಡ್‌ಮಾಸ್ಟರು ಪರಹೆಂಗಸನ್ನು ಮುಟ್ಟುವುದು ಹೇಗೆ ಅಂತ ಸಂಕೋಚಪಟ್ಟು, ದೂರದಿಂದಲೇ ತಮ್ಮ ಬಾಟಲಿಯ ನೀರನ್ನೆಲ್ಲ ಚಿಮುಕಿಸಿದ್ದರು. ಸೀರೆಯೊಳಗಿಂದ ಹುಣಸೆ ರಸ ಇಳಿದು ರಸ್ತೆಗೆ ಬಂದಾಗ ರಕ್ತ ಅಂದುಕೊಂಡು ಅವರೇ ಕೂತುಬಿಟ್ಟರಂತೆ. ನಾನು ಹೋಗುವ ಹೊತ್ತಿಗೆ ಅವರಿಗೆ ಬೇರೆಯವರು ನೀರು ಚಿಮುಕಿಸುತ್ತಿದ್ದರು.

ನಗುತ್ತೀರಲ್ಲ? ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಚಿಕ್ಕಮ್ಮ ಅವತ್ತು ಮೋಟು ಗೋಡೆಯ ಮೇಲೆ ಕೂತು ಅಳು ಮುಖ ಮಾಡಿಕೊಂಡಳು. "ನಿಜವಾಗ್ಲೂ ಅಕ್ಕನ್ನೇ ಬೀಳಿಸ್ಬುಟ್ರೆ? ಅದೂ ಇನ್ನೊಂದು ಸಲ?" ಅಂದಳು. ಇನ್ನೊಂದು ಸಲ ಅಂದರೆ ಏನು, ಮೊದಲನೇ ಸಲ ಯಾವಾಗ ಬೀಳಿಸಿದ್ದಳು? ಕೇಳಿದೆ. "ಏನೋ ಬಾಯಿಗೆ ಬಂತು ಬಿಡು" ಅಂದು ಎದ್ದಳು. ನನಗೂ ಅಂಗಡಿ ತೆಗೆಯುವ ಹೊತ್ತಾಗಿತ್ತು, ಬಿಟ್ಟೆ.

ಕಾರ್ತೀಕದ ಕಡೇ ಸೋಮವಾರ ಬಂತು, ಅಮ್ಮನೂ ಬಂದಳು. ದೇವಸ್ಥಾನ, ದೀಪ, ಊಟ ಎಲ್ಲ ಮುಗಿಯಿತು. ಮಂಗಳವಾರ ಬೆಳಿಗ್ಗೆ, "ಸುಮ್ನೆ ಗಾಳಿಗೆ ಹೋಗ್ಬರೋಣ ಬಾ" ಅಂತ ಚಿಕ್ಕಪ್ಪನ ಕಾರಿನಲ್ಲಿ ರೈಲ್ ರೋಡಿಗೆ ಕರೆದುಕೊಂಡು ಹೋದೆವು. ಗೇಟಿನ ಕಟ್ಟೆಗೆ ಒರಗಿಸಿದ್ದ ಸೈಕಲ್ಲನ್ನು, ಅದರ ಕ್ಯಾರಿಯರ್ ಮೇಲೆ ಕಟ್ಟಿದ್ದ ಹೊಸ ಮೆತ್ತೆಯನ್ನು, ಮೆತ್ತೆಗೆ ಹೊದಿಸಿದ್ದ ಹಸಿರು ಸೀರೆಯನ್ನು ಅಮ್ಮ ನೋಡಿದಳು.

"ಇದು ನನ್ನ ಸೀರೆ ಅಲ್ವೇನೇ? ಇದ್ರ ಮೇಲೆ ಏನು ಸಾರು ಚೆಲ್ಲಿದ್ದೀರಾ?"

"ಅದಿರ್ಲಿ, ಹತ್ತಕ್ಕಾ" ಅಂದಳು ಚಿಕ್ಕಮ್ಮ. ಆಗಲೇ ಕಟ್ಟೆಯಿಂದ ಸೀಟಿಗೆ ಏರಿ, ಒಂದು ಕಾಲು ಕಟ್ಟೆಯ ಮೇಲಿಟ್ಟುಕೊಂಡು ರೈಲಿನ ಡ್ರೈವರಿನ ಹಾಗೆ ಕೂತಿದ್ದಳು.

"ತಲೆ ಕೆಟ್ಟಿದೆಯಾ ನಿಂಗೆ? ಈ ವಯಸ್ಸಲ್ಲಿ ಸೈಕಲ್ ಮೇಲೆ ಕೂತು ಮೆರವಣಿಗೆ ಹೋಗ್ಬೇಕಾ? ಜನ ನಗ್ತಾರೆ. ನಾನೊಲ್ಲೆ."

"ನಗ್ಲಿ ಬಿಡಕ್ಕಾ. ಒಂದೇ ಒಂದು ಸಲ."

"ಬ್ಯಾಡ ಅಂದ್ನಲ್ಲ."

ಹುಬ್ಬು ಮೇಲಕ್ಕೆ ಹೋಯಿತು. ಮುಗಿಯಿತು ಕಥೆ ಅಂದುಕೊಂಡೆ. ಶಿವರಾತ್ರಿಯಿಂದ ಕಾರ್ತೀಕದವರೆಗೆ ಓಡಿದ್ದೆಲ್ಲ ಹಳ್ಳಕ್ಕೆ ಹೋಯಿತಲ್ಲ ಅಂತ ನನಗೂ ಸಿಟ್ಟು ಬಂತು. ಚಿಕ್ಕಮ್ಮ ಹ್ಯಾಂಡಲ್ ಹಿಡಿದ ಕೈಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ, ಜೋರಾಗಿ ಮಾತಾಡುವುದನ್ನೇ ಮರೆತವಳ ಹಾಗೆ, ಸಣ್ಣ ದನಿಯಲ್ಲಿ ಹೇಳಿದಳು.

"ಅವತ್ತು ಅಪ್ಪಂಗೆ ಹೇಳಿದ್ದು ನಾನೇ ಕಣಕ್ಕಾ."

ಚಿಕ್ಕಪ್ಪ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದವರು ಹಾಗೇ ನಿಂತರು.

"ದಿನಾ ಮಧ್ಯಾಹ್ನ ಅಪ್ಪ ಮಲಗಿದ್ಮೇಲೆ ನೀನು ಅವರ ಸೈಕಲ್ ತಗೊಂಡು ಮಿಲ್ಲಿನ ಹಿಂದೆ ಕಲೀತಿದ್ದೆ. ಎಷ್ಟು ಚೆನ್ನಾಗಿ ಹೊಡೀತಿದ್ದೆ! ನನ್ನೂ ಹಿಂದೆ ಕೂರಿಸ್ಕೋ ಅಂತ ಗೋಳಾಡಿದ್ರೆ, ಇನ್ನೂ ಸರಿಯಾಗಿ ಬರಲ್ಲ, ನಾಳೆ ಕೂರಿಸ್ಕೋತೀನಿ ಅಂದೆ. ನಂಗೆ ಸಿಟ್ಟು ಬಂದು ಹೋಗಿ ಹೇಳ್ಬುಟ್ಟೆ. ಅಪ್ಪ ಬಂದು ಕೂಗಿದ್ರು, ನೀನು ಬೆಚ್ಚಿ ಬಿದ್ದೆ. ಕಾಲು ಸೀಳ್ತು. ಸೈಕಲ್ಲಿಗೆ ಬೀಗ ಬಿತ್ತು, ಸ್ಕೂಲೂ ಬಿಡಿಸಿದ್ರು. ನಂಗೆ ಹತ್ತು ವರ್ಷ ಕಣಕ್ಕಾ. ಇಷ್ಟೆಲ್ಲ ಆಯ್ತದೆ ಅಂತ ಗೊತ್ತಿರ್ಲಿಲ್ಲ."

ಅಮ್ಮನ ಎಡಗಾಲಿನ ಮುಂದೆ ಉದ್ದನೆಯ ಗಾಯದ ಗುರುತೊಂದಿದೆ. ಬೀಸುವ ಕಲ್ಲು ಬಿದ್ದದ್ದು ಅಂತ ನಮಗೆಲ್ಲ ಹೇಳಿದ್ದಳು. ನಾನು ಐವತ್ತು ವರ್ಷ ಅದನ್ನೇ ನಂಬಿಕೊಂಡು ಬಂದಿದ್ದೆ. ನಮ್ಮಮ್ಮನಿಗೆ ಸೈಕಲ್ ಬರುತ್ತಿತ್ತು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ನಾನು ಏಳನೇ ಕ್ಲಾಸ್ ಪಾಸಾದಾಗ, ಬೇಡ ಅಂದ ನಮ್ಮಪ್ಪನ ಜೊತೆ ಮೂರು ದಿನ ಮಾತು ಬಿಟ್ಟು ನನಗೆ ಸೈಕಲ್ ಕೊಡಿಸಿದವಳು ಅವಳು. ದಿನಾ ಬೆಳಿಗ್ಗೆ ನಾನು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನ್ನನ್ನು ಕಾಯುತ್ತಿದ್ದಾಳೆ ಅಂದುಕೊಂಡು ನಾನು ಸಿಡುಕುತ್ತಿದ್ದೆ.

ಅಮ್ಮ ಬಗ್ಗಿ ಮೆತ್ತೆಯ ಮೇಲಿನ ಸೀರೆಯ ಮಡಿಕೆ ಸರಿಮಾಡಿದಳು. ಆಮೇಲೆ, "ಗೊತ್ತಿತ್ತು ಕಣೇ" ಅಂದಳು.

"ಗೊತ್ತಿತ್ತಾ?"

"ಅವತ್ತು ಅಪ್ಪನ ಹಿಂದೆ ನಿಂತಿದ್ದೆಯಲ್ಲ, ಬಾಯಿ ತುಂಬ ಬೆಲ್ಲ. ಸುಮ್ಸುಮ್ನೆ ಅಪ್ಪ ಯಾವತ್ತು ನಿಂಗೆ ಬೆಲ್ಲ ಕೊಟ್ಟಿದ್ರು? ಸರಿ, ನೆಟ್ಟಗೆ ಹಿಡ್ಕೋ. ಬೀಳಿಸಿದ್ರೆ ನೋಡು."

ಹೇಳಿ, ಸೆರಗು ಸೊಂಟಕ್ಕೆ ಸಿಗಿಸಿ, ಮೆತ್ತೆಯ ಮೇಲೆ ಕೂತಳು. ಚಿಕ್ಕಮ್ಮ ಕಟ್ಟೆಯಿಂದ ಕಾಲು ತೆಗೆದಳು. ನಾನು ಮೊದಲೇ ತರಿಸಿಟ್ಟಿದ್ದ ಮಂಡಿಯ ಹಳೇ ಸೈಕಲ್ ಹತ್ತಿ ಹಿಂದೆ ಹೊರಟೆ. ಬೀಜದ ಹುಣಸೆಯೇ ಸರಿ ಅಂದದ್ದು ನೂರಕ್ಕೆ ನೂರು ನಿಜವಾಯಿತು. ಅಮ್ಮ ಒಂದು ಗಳಿಗೆ ಸುಮ್ಮನೆ ಕೂರಲಿಲ್ಲ. "ಎಡಕ್ಕೆ ಹೋಗು, ಮೇಕೆ ನೋಡು, ಬೆಲ್ ಹೊಡಿ, ಯಾಕಂಗೆ ಕೂಗ್ತೀಯೇ" ಅಂತ ಹಿಂದಿನಿಂದ ಒಂದೇ ಸಮನೆ. ಸೇತುವೆಯ ಹತ್ತಿರ ಹೆಡ್‌ಮಾಸ್ಟರು ಕೈಯಲ್ಲಿದ್ದ ಬಾಟಲಿ ಬಿಟ್ಟರು.

"ಅಮ್ಮಾ! ಈರೋಜು ಮೂಟ ಮಾಟ್ಲಾಡ್ತೋಂದಿ!" ಇವತ್ತು ಮೂಟೆ ಮಾತಾಡುತ್ತಿದೆ ಅಂತ ಅವರ ಗಾಬರಿ.

"ಯಾರೇ ಅವನು, ನನ್ನ ಮೂಟೆ ಅನ್ನೋನು?" ಅಂದಳು ಅಮ್ಮ. ಅವಳಿಗೆ ಉತ್ತರ ಸಿಗುವಷ್ಟರಲ್ಲಿ ಸೇತುವೆ ಹಿಂದಾಗಿತ್ತು. ಚಿಕ್ಕಮ್ಮನ ಭುಜ ಕುಲುಕುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ಹಿಂದಿನಿಂದ ತಿಳಿಯಲಿಲ್ಲ, ಸೈಕಲ್ಲು ಮಾತ್ರ ನೆಟ್ಟಗೆ ಹೋಗುತ್ತಿತ್ತು.

ಪ್ಲಾಟ್‌ಫಾರಂ ಬಂತು. ಬೀಳಿಸದೆ ತಂದಿದ್ದಳು! ಚಿಕ್ಕಮ್ಮ ಅಂಚಿಗೆ ಕಾಲು ಕೊಟ್ಟು ಇಳಿದು, ಬೆವರು ಒರೆಸಿಕೊಂಡು, ಎಂದಿನಂತೆ ಇಂಜಿನ್ನು ಬದಲಾಯಿಸಲು ಸೈಕಲ್ಲಿನ ಹಿಂಭಾಗಕ್ಕೆ ಕೈ ಹಾಕಿದಳು.

"ಏನೇ ಅದು, ಎಮ್ಮೆ ಎತ್ತಿದ ಹಾಗೆ ಎತ್ತುತೀಯಾ? ಕೊಡು ಇಲ್ಲಿ" ಅಂದಳು ಅಮ್ಮ.

ನಾವಿಬ್ಬರೂ ಬೇಡ ಬೇಡ ಅನ್ನುವಷ್ಟರಲ್ಲಿ ಹ್ಯಾಂಡಲ್ ಅವಳ ಕೈಗೆ ಹೋಗಿತ್ತು. ಕಲ್ಲೂ ಬೇಕಾಗಲಿಲ್ಲ, ಕಟ್ಟೆಯೂ ಬೇಕಾಗಲಿಲ್ಲ. ಪೆಡಲಿನ ಮೇಲೆ ಎಡಗಾಲಿಟ್ಟು ಎರಡು ಹೆಜ್ಜೆ ತಳ್ಳಿಕೊಂಡು ಹೋಗಿ ಸೀಟಿಗೆ ಏರಿದಳು. ಹ್ಯಾಂಡಲ್ ಎರಡು ಸಲ ಹೊಯ್ದಾಡಿತು, ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಅಮ್ಮ ಹಳದಿ ಬೋರ್ಡಿನವರೆಗೆ ಹೋಗಿ, ಅಲ್ಲಿ ಸಲೀಸಾಗಿ ದೊಡ್ಡದೊಂದು ಸುತ್ತು ತಿರುಗಿಸಿ, ನಮ್ಮ ಕಡೆಗೆ ಬರುತ್ತಿದ್ದಳು. ಹೆಬ್ಬೆರಳು ಎತ್ತಿ ಬೆಲ್ ಬೇರೆ ಹೊಡೆದಳು. ನಗುತ್ತಿದ್ದಳು, ಬಾಯಿ ತೆರೆದು, ಹದಿನೈದು ವರ್ಷದ ಹುಡುಗಿಯ ಹಾಗೆ. ಆ ನಗುವನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ತಂಗಿಯ ಮುಂದೆ ಬಂದು ಕಾಲೂರಿ ನಿಲ್ಲಿಸಿದಳು. ಚಿಕ್ಕಮ್ಮನ ಕಣ್ಣಲ್ಲಿ ದಳದಳ ನೀರು.

"ಅಳೋದು ಆಮೇಲೆ. ಹಿಂದೆ ಹತ್ತು" ಅಂದಳು ಅಮ್ಮ. "ನಾಳೆ ಕೂರಿಸ್ಕೋತೀನಿ ಅಂದಿದ್ನಲ್ಲ."

ಚಿಕ್ಕಮ್ಮ ಹತ್ತಿ ಕೂತು ಅಕ್ಕನ ಸೊಂಟವನ್ನು ಎರಡೂ ಕೈಯಲ್ಲಿ ಬಳಸಿಕೊಂಡಳು. ಇಳಿಜಾರು, ಕೆರೆ ಕಡೆಯ ಗಾಳಿ. ನಾನು ಅಭ್ಯಾಸದಿಂದ ಸೀಟು ಹಿಡಿದು ಜೊತೆಗೆ ಓಡಿದೆ.

"ಬಿಡೇ, ನಂಗೆ ಬತ್ತದೆ" ಅಂದಳು ಅಮ್ಮ.

ಬಿಟ್ಟೆ. ನನ್ನ ಸೈಕಲ್ ಹತ್ತಿ ಹಿಂದೆಯೇ ಹೋಗಬಹುದಿತ್ತು, ಹೋಗಲಿಲ್ಲ. ಅವರಿಬ್ಬರೂ ಹುಣಸೆ ಮರ ದಾಟಿ ಬಾಗಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತು ನೋಡಿದೆ.